ಬಿಸಿಲಿಗಿಟ್ಟ ಇಪ್ಪತ್ತೊಂದು ಕಲ್ಲು

ದುಡ್ಡು ಕೊಟ್ಟು ಬೆವರುವವರೂ ಲೋಕದಲ್ಲಿದ್ದಾರೆಂಬುದು ಗುರುಲಿಂಗನಿಗೆ ತಿಳಿದದ್ದು ಕಡಲತೀರದ ರೆಸಾರ್ಟಿಗೆ ಕೆಲಸಕ್ಕೆ ಸೇರಿದ ಮೇಲೆ. ಚಿಂಬಲ್‌ನ ಕೊಳೆಗೇರಿಯ ಅವನ ತಗಡಿನ ಮನೆಯಲ್ಲಿ ಪುಕ್ಕಟೆ ಸಿಗುವ ಸೆಕೆಗೆ ಇಲ್ಲಿ ಸೌನಾ ಎಂದು ಹೆಸರು. ಮರದ ಪುಟ್ಟ ಕೋಣೆ, ಮೂಲೆಯಲ್ಲಿ ಕರೆಂಟಿನ ಒಲೆ, ಅದರ ಮೇಲೆ ದುಂಡನೆಯ ಕರಿಕಲ್ಲುಗಳು. ಕಾದ ಕಲ್ಲಿಗೆ ನೀರು ಸುರಿದರೆ ಹಬೆ. ಇದೆಲ್ಲವನ್ನೂ ತೊಳೆದು ಒರೆಸುವುದು ಗುರುಲಿಂಗನ ಕೆಲಸ.

ಆ ದಿನ ಮ್ಯಾನೇಜರ್ ಸೋಮನಾಥ ಮೂಗು ಮುಚ್ಚಿಕೊಂಡು ಸೌನಾದಿಂದ ಹೊರಬಂದ. “ಕಲ್ಲು ನಾರಾಕತ್ತಾವು. ಎಲ್ಲಾ ತಗದು ತಿಕ್ಕಿ, ಒಣಗಿಸಿ, ಹೊಳ್ಳಿ ಜೋಡಸು. ನಾಕಕ್ಕ ಮಾಲಕರ ಹೆಂಡತಿ ಬಾಯಿಯವರು ಬರತಾರ.”

ಗುರುಲಿಂಗ ಇಪ್ಪತ್ತೊಂದು ಕಲ್ಲುಗಳನ್ನು ಫಳಫಳ ತಿಕ್ಕಿ, ತೋಟದ ಮಾವಿನ ಮರದ ಪಕ್ಕ ಬಿಸಿಲಿಗೆ ಸಾಲಾಗಿಟ್ಟು, ಒಳಗಿನ ಹಲಗೆ ಒರೆಸಲು ಹೋದ. ಹೊರಗೆ ಬಂದಾಗ ಅಷ್ಟೂ ಕಲ್ಲುಗಳಿಗೆ ಕುಂಕುಮ, ದಾಸವಾಳ. ಕಸ ಗುಡಿಸುವ ಸುಂದರವ್ವ ಕೈಮುಗಿದು ನಿಂತಿದ್ದಳು.

“ಅಕ್ಕಾ, ಇವು ಸೌನಾದ ಕಲ್ಲಬೇ.”

“ದೇವರಂದ್ರ ಮತ್ತೇನು ಕಬ್ಬಿಣದ್ದೇನೋ? ಹಿಂಗ ಮಡಿ ಮಾಡಿ ಸಾಲಾಗಿ ಕುಂದ್ರಿಸಿ ಈಗ ಕಲ್ಲಂತಿಯಲ್ಲ.”

ಅಷ್ಟರಲ್ಲಿ ಮಾಲಿ ಥಾವರಪ್ಪ ಕಾಯಿ ಒಡೆದ. ಅಡುಗೆಮನೆಯ ಚಾಂದಿಬಾಯಿ ನೈವೇದ್ಯಕ್ಕೆ ಸಜ್ಜಕ ತಂದಳು. ಮೂರು ತಿಂಗಳಿಂದ ಸಿಗದ ರಜೆ ಅವಳಿಗೆ ಕೈಮುಗಿದ ಹತ್ತೇ ನಿಮಿಷಕ್ಕೆ ಮಂಜೂರಾಯಿತು. ಮುಂದೆ ಭಕ್ತರಿಗೆ ಬರ ಬರಲಿಲ್ಲ. ಅಂದಿನ ಕೆಲಸಕ್ಕೆ ಮಾತ್ರ ಬಂತು.

ಮೂರು ಗಂಟೆಗೆ ಗುರುಲಿಂಗ ಬಕೆಟ್ ಹಿಡಿದು ಬಂದ. ಥಾವರಪ್ಪ ಅಡ್ಡ ನಿಂತ. “ಕುಂಕುಮ ಏರಿಸಿದ್ದನ್ನ ಉರಿಯಾಗ ಹಾಕ್ತಿ? ಹಾಕಪಾ. ಕಣ್ಣು ಹೋದ್ರ ನಿನ್ನವು.”

ಗುರುಲಿಂಗನಿಗೆ ಕಣ್ಣು ಎರಡೇ ಇದ್ದವು. ರೆಸಾರ್ಟಿನ ಹಿಂದೆ ಕಾಂಪೌಂಡ್ ಕಟ್ಟುತ್ತಿದ್ದರು. ಅಲ್ಲಿಂದ ಮೆತ್ತನೆಯ ಕೆಂಪು ಚಿರೇಕಲ್ಲಿನ ತುಂಡುಗಳನ್ನು ತುಂಬಿ ತಂದು ಒಲೆಯ ಮೇಲೆ ಒಟ್ಟಿದ.

ನಾಲ್ಕಕ್ಕೆ ಬಾಯಿಯವರು ಟವೆಲ್ ಸುತ್ತಿಕೊಂಡು ಒಳಹೋದರು. ಒಂದು ಸೌಟು ನೀರು ಸುರಿದರೋ ಇಲ್ಲವೋ, ಕಲ್ಲುಗಳು ದೀಪಾವಳಿ ಪಟಾಕಿಯಂತೆ ಸಿಡಿದವು. “ದೇವರೇ” ಎನ್ನುತ್ತ ಹೊರಗೋಡಿ ಬಂದ ಬಾಯಿಯವರಿಗೆ ಅಡಿಯಿಂದ ಮುಡಿಯವರೆಗೆ ಕೆಂಪು ಧೂಳು. ಓಡಿದ್ದು ನೇರ ಮಾವಿನ ಮರದತ್ತ. ಎದುರಿಗೆ ಸಾಲು ಸಾಲು ದೇವರು. ಕರೆದದ್ದೇ ತಡ, ಪ್ರತ್ಯಕ್ಷ. ಬಾಯಿಯವರು ಅಲ್ಲೇ ಅಡ್ಡಬಿದ್ದರು.

“ಇವನ್ನು ಇಲ್ಲಿಟ್ಟವರು ಯಾರು?”

ಎಲ್ಲರ ಬೆರಳೂ ಗುರುಲಿಂಗನ ಕಡೆ ತಿರುಗಿದವು. ಅವನಿಗೆ ಆಗಲೇ ಬೆವರು ಇಳಿದಿತ್ತು, ಅದೂ ಪುಕ್ಕಟೆ.

ಬಾಯಿಯವರು ಅವನ ತಲೆ ಸವರಿ, ಪುಣ್ಯವಂತ ಎಂದರು. ಆ ಸುಡುಗಾಡು ಕೋಣೆಯನ್ನು ಇವತ್ತೇ ಕಿತ್ತುಹಾಕಿ, ಇಲ್ಲೊಂದು ಗುಡಿ ಕಟ್ಟಿಸಿ ಎಂದು ಸೋಮನಾಥನಿಗೆ ಅಪ್ಪಣೆ ಮಾಡಿ ಸ್ನಾನಕ್ಕೆ ಹೋದರು.

ಗುರುಲಿಂಗನ ಎದೆ ಉಬ್ಬಿತು. “ಹಂಗಾರ ಸಾಹೇಬ್ರ, ಗುಡಿಗೆ ಪೂಜಾರಿ ನಾನss ಏನ್ರಿ?”

“ಪೂಜಾರಿನ್ನ ಬಾಯಿಯವರು ತಮ್ಮ ಊರಿಂದ ಕರಸ್ತಾರ,” ಎಂದ ಸೋಮನಾಥ. “ಸೌನಾ ಇಲ್ಲಂದ ಮ್ಯಾಲ ಸೌನಾ ತೊಳಿಯಾಂವ ಯಾಕ ಬೇಕು? ನಾಳಿಯಿಂದ ಬರಬ್ಯಾಡ.”

ಗುರುಲಿಂಗ ತಾನೇ ತಿಕ್ಕಿ ತೊಳೆದ ಆ ಇಪ್ಪತ್ತೊಂದು ಕಲ್ಲುಗಳ ಮುಖ ನೋಡಿದ. ಎರಡು ಮಾತು ಕೇಳಿಯೇಬಿಡುತ್ತೇನೆಂದು ಅವುಗಳತ್ತ ದಾಪುಗಾಲು ಹಾಕಿದ. ಸುಂದರವ್ವ ಪೊರಕೆ ಅಡ್ಡ ಹಿಡಿದಳು.

“ಚಪ್ಪಲಿ ಬಿಟ್ಟು ಬಾರೋ.”