ನಮ್ಮ ಮಾಮಾ ಹಾಡು ತೊಳೀತಾನ

ನಮ್ಮ ಮಾಮಾಗ ಹುಚ್ಚಿಲ್ಲ ಅಂತ ಸಿಂದಗ್ಯಾಗ ಡಾಕ್ಟರ್ ಖರೇನ ಹೇಳ್ಯಾರ. ಅದನ್ನ ಕೇಳಿದ ಮ್ಯಾಲ ನನಗ ಚಿಂತಿ ಜಾಸ್ತಿ ಆಗೇತಿ. ಹುಚ್ಚಿದ್ರ ಗುಳಿಗಿ ಕೊಡಬಹುದಿತ್ತು. ಇದಕ್ಕೇನು ಕೊಡೂದ್ರಿ?

ಮಾಮಾ ಅಂದ್ರ ನಮ್ಮವ್ವನ ತಮ್ಮ. ಬಸ್ ಸ್ಟ್ಯಾಂಡ್ ಹಿಂದ ಸುಟ್ಟ ಮೋಟರ್ ಕಟ್ಟೋ ಅಂಗಡಿ ಐತಿ ಅವಂದು. ಬೋರಿನ ಮೋಟರ್ ಸುಟ್ಟಿತು ಅಂದ್ರ ಸುತ್ತಲ ಹಳ್ಳಿ ಮಂದಿ ಅವನ ಹತ್ರನ ಬರ್ತಾರ. ಆ ದಗದದಾಗ ಅವಗ ಯಾರೂ ಒಂದ ಮಾತ ಅನ್ನಂಗಿಲ್ಲ, ಕೈ ಅಷ್ಟು ಛಲೋ. ತ್ರಾಸ ಶುರು ಆಗೋದು ಅಂಗಡಿ ಬಾಗಲಾ ಹಾಕಿದ ಮ್ಯಾಲ. ನಮ್ಮ ಅಡಗಿಮನಿ ಗ್ವಾಡಿಗೆ ಹತ್ತಿ ಒಂದ ಸಣ್ಣ ಖೋಲಿ ಐತಿ, ಅದರಾಗ ಇರ್ತಾನ. ಲಗ್ನ ಇಲ್ಲ, ಮಕ್ಕಳಿಲ್ಲ. ಒಂದ ಹಳೇ ಕಂಪ್ಯೂಟರ್, ಒಂದ ಸಣ್ಣ ಕೀಬೋರ್ಡ್, ಉಳದದ್ದೆಲ್ಲಾ ವೈರು. ಕಾಲಿಟ್ರ ಹಾವಿನ ಹುತ್ತದಾಗ ಇಟ್ಟಂಗ. ಅಲ್ಲಿ ಕುಂತು ಹಾಡು ಮಾಡ್ತಾನ!

ಹಾಡು ಅಂದ ಕೂಡ್ಲೆ ನೀವು ಪೇಟಿ, ತಬಲಾ, ಒಬ್ಬಾಕಿ ಕಣ್ಣ ಮುಚ್ಚಿ ರಾಗ ಎಳ್ಯಾಕತ್ತಾಳ ಅಂತ ತಿಳ್ಕೊಂಡ್ರ ನಿಮ್ಮ ತಪ್ಪು. ಹಾಡೋರು ಇಲ್ಲ. ಮಾತು ಇಲ್ಲ. ‘ಗುಂಯ್ಯ್’ ಅಂತೈತಿ. ಆಮ್ಯಾಲ ‘ಟಕ್’ ಅಂತೈತಿ. ಮುಗೀತೇನು ಅಂತ ನೀವು ಏಳಬೇಕು, ಮತ್ತ ‘ಗುಂಯ್ಯ್’!

"ಇದೇನ್ ಮಾಮಾ?" ಅಂತ ಒಮ್ಮೆ ಕೇಳಿದೆ.

"ಎಲೆಕ್ಟ್ರಾನಿಕ್ ಸಂಗೀತ ಅಳಿಯಾ. ಕರೆಂಟಿನ ಒಳಗ ಒಂದ ಹಾಡು ಇರತೈತಿ. ಅದನ್ನ ಹೊರಗ ತಗೀಬೇಕು."

ಯಾಕ ತಗೀಬೇಕು? ಒಳಗಿದ್ರ ಅದಕ್ಕೇನು ಧಾಡಿ ಆಗಿತ್ತು? ನಾ ಸಾಲಿ ಅರ್ಧಕ್ಕ ಬಿಟ್ಟಾಂವ, ನನಗ ತಿಳಿಯಂಗಿಲ್ಲ ಅನ್ರಿ. ಆದ್ರ ಕಲತಾವ್ರಿಗೂ ತಿಳೀಲಿಲ್ಲಲ್ಲ!

ಸಪ್ಪಳ ಹುಡಕ್ಕೋತ ತಿರಗತಾನ ಮಾಮಾ. ಗಿರಣಿ ಮುಂದ ಫೋನ್ ಹಿಡದು ನಿಂದ್ರತಾನ. ಮಂದಿ ಹಿಟ್ಟು ಬೀಸಿಸ್ಕೊಂಡು ಹೋಗ್ತಾರ, ಇಂವ ಬರೇ ಸಪ್ಪಳ ತಗೊಂಡು ಬರ್ತಾನ. ಮುದ್ದೇಬಿಹಾಳದಾಗ ಒಂದಿನ ತಾಳಿಕೋಟಿ ಬಸ್ ಹತ್ತ್ಯಾನ. ತಾಳಿಕೋಟ್ಯಾಗ ಕೆಲಸ ಇತ್ತೇನು? ಇಲ್ರಿ! ಆ ಬಸ್ಸಿನ ಕಡೀ ಸೀಟಿನ ಕಿಟಕಿ ಛಲೋ ನಡಗತಿತ್ತಂತ. ಕಿಟಕಿಗೆ ಫೋನ್ ಹಚ್ಚಿ ಕುಂತಾನ. ಕಂಡಕ್ಟರ್ ಬಂದು "ಎಲ್ಲಿಗಣ್ಣಾ?" ಅಂದಾನ.

"ಈ ಕಿಟಕಿ ಎಲ್ಲಿತನಕ ನಡಗತೈತಿ, ಅಲ್ಲಿತನಕ ಕೊಡ್ರಿ."

ಕಂಡಕ್ಟರ್ ಭಾಳ ಶಾಣ್ಯಾ ಇದ್ದ. "ರಸ್ತಾ ಹಿಂಗ ಇರೂತನಕ ನಡಗತೈತಿ. ತಾಳಿಕೋಟಿ ತಗೊಂಡು ಸುಮ್ಮ ಕುಂದ್ರು" ಅಂದನಂತ.

ಮಾಡಿದ್ದನ್ನ ಮನ್ಯಾಗ ಇಟ್ಕೊಂಡ್ರ ನಾ ಯಾಕ ಬಾಯಿ ಬಿಡ್ತಿದ್ದೆ? ನೆಟ್ಟಿನ್ಯಾಗ ಬಿಡ್ತಾನ. ಬಿಟ್ಟು, ಅದರ ಲಿಂಕ್ ಒಯ್ದು ನಮ್ಮ ಮನಿತನದ ಗ್ರೂಪಿನ್ಯಾಗ ಹಾಕ್ತಾನ. ಹೊಸಾ ಹಾಡು ಬಿಡೋದು ಒಂದ ತ್ರಾಸ ಆದ್ರ, ಹಳೇದನ್ನ ಮತ್ತ ಬಿಡೋದು ದೊಡ್ಡ ತ್ರಾಸ. "ಹಳೇ ಹಾಡು ತೊಳದೇನಿ, ಕೇಳ್ರಿ" ಅಂತ ಬರೀತಾನ. ತೊಳದಾನಂತ! ಹಾಡೇನು ಧೋತರೇನ್ರಿ?

"ಧೂಳು ಕುಂತಿರತೈತಿ ಅಳಿಯಾ. ಕಂಪ್ಯೂಟರಿನ್ಯಾಗ ಹಾಕಿ ಜರಾ ತೊಳದು, ಹಿಂಡಿ, ಹೊಸದರಂಗ ಮಾಡಿ ಬಿಡೋದು."

ಅದರಾಗೂ ಒಂದ ಹಾಡು ಐತಿ, ಅವನ ಮೊದಲನೇದು. ಹೆಸರು ‘ಗ್ವಾಡಿ’. ಗ್ವಾಡಿ ಎಲ್ಲೆರ ಹಾಡತೈತೇನ್ರಿ? ಆದ್ರೂ ಹಬ್ಬ ಬಂತು ಅಂದ್ರ ಆ ‘ಗ್ವಾಡಿ’ ತೊಳದು ಬಿಡೋದ. ನಾಗರಪಂಚಮಿಗೊಮ್ಮೆ, ದಸರಾಕ್ಕೊಮ್ಮೆ, ದೀಪಾವಳಿಗೊಮ್ಮೆ. ಮಂದಿ ಹಬ್ಬಕ್ಕ ಗ್ವಾಡಿಗೆ ಸುಣ್ಣಾ ಹಚ್ಚತಾರ, ಇಂವ ‘ಗ್ವಾಡಿ’ ತೊಳೀತಾನ.

ಗ್ರೂಪಿನ್ಯಾಗ ಯಾರೂ ಕೇಳಂಗಿಲ್ಲ, ಹೆಬ್ಬಟ್ಟು ಹಾಕಿ ಪಾರಾಗ್ತಾರ. ಬಾಗೇವಾಡಿ ದೊಡ್ಡಪ್ಪ ಅಂತೂ ಒಮ್ಮೆ ಲಿಂಕ್ ನೋಡಿದಾಂವನ "ಭಗವಂತ ಆತ್ಮಕ್ಕ ಶಾಂತಿ ಕೊಡ್ಲಿ" ಅಂತ ಹಾಕಿದ. ಯಾರೋ ಸತ್ತಾರ ಅಂತ ತಿಳ್ಕೊಂಡಿದ್ದ. ಅದನ್ನ ನೋಡಿ ಉಳದಾವ್ರೂ ಕೈ ಮುಗದು ಕೈ ಮುಗದು ಹಾಕಿದ್ರು. ಸಂಜೀ ತನಕ ನಮ್ಮ ಮನಿಗಿ ಫೋನು!

ಒಂದ ಸಲ ಮಾಮಾ ಕುಣಕೋತ ಅಡಗಿಮನಿಗಿ ಬಂದ. "ಅಕ್ಕಾ ನೋಡಿಲ್ಲೆ, ಯಾವುದೋ ದೇಶದಾಂವ ನನ್ನ ಹಾಡಿನ ಕೆಳಗ ಬೆಂಕಿ ಚಿತ್ರ ಹಾಕ್ಯಾನ!"

ಅವ್ವ ರೊಟ್ಟಿ ಬಡಿಯೋದು ಬಿಟ್ಟು ಗಾಬರಿಯಾದ್ಲು. "ಬೆಂಕಿ ಹಚ್ಚತೇನಿ ಅಂದಾನೇನೋ ತಮ್ಮಾ? ನೀ ಅವನಿಗೇನು ಮಾಡಿದ್ದಿ?"

ಇರ್ಲಿ. ಇಷ್ಟ ಆಗಿದ್ರ ನಾನೂ ಹೆಬ್ಬಟ್ಟು ಹಾಕಿ ಪಾರಾಗ್ತಿದ್ದೆ. ನನ್ನ ಹೊಟ್ಟಿ ಮ್ಯಾಲ ಬಂತು ಅದು.

ಅಪ್ಪ ಹೋದ ಮ್ಯಾಲ ಅವನ ಟೆಂಪೋ ನಾ ಹೊಡ್ಯಾಕತ್ತೇನಿ. ಇಂಡಿ ಬಜಾರದಾಗ ಲಿಂಬಿಹಣ್ಣು ತುಂಬ್ಕೊಂಡು ಹಳ್ಳಿಹಳ್ಳಿ ತಿರಗಿ ಮಾರೋದು ನನ್ನ ದಗದ. ಹಿಂಗ ಮಾರೋರ ಗಾಡಿ ಮ್ಯಾಲ ಮೈಕಿನ ಒಂದ ಭೋಂಗಾ ಇರತೈತಿ, ಅದರಾಗ ಒಂದ ಕೂಗು. "ಬಂದೈತ್ರೀ ಬಂದೈತಿ, ಲಿಂಬಿಹಣ್ಣ ಬಂದೈತಿ" ಅಂದ್ರ ಮುಗೀತು. ಮಾಮಾಗ ಅಷ್ಟ ಮಾಡಿಕೊಡು ಅಂದೆ. ಭೋಂಗಾ ತಾನ ಕಟ್ಟಿದ, ವೈರ್ ತಾನ ಎಳದ, ದಗದ ಮತ್ತ ಭಾಳ ಛಲೋ. ಹಚ್ಚಿ ನೋಡ್ತೇನಿ, ‘ಗುಂಯ್ಯ್’!

"ಮಾಮಾ, ಇದು ‘ಗ್ವಾಡಿ’ ಅಲ್ಲೇನು?"

"ಹೌದು. ನಡುವ ನಿನ್ನ ಲಿಂಬಿ ಕೂಡಸೇನಿ."

ಕೂಡಸ್ಯಾನ ಖರೇ. ಒಂದ ಚಾ ಕುಡದು ಮುಗಸೂ ತನಕ ಗುಂಯ್ಯ್ ಟಕ್, ಗುಂಯ್ಯ್ ಟಕ್. ಆಮ್ಯಾಲ ಬಾವ್ಯಾಗ ಬಿದ್ದಾಂವ ಒದರಿದಂಗ "ಲಿಂಬಿ... ಬಿ... ಬಿ... ಬಿ..." ಮಂದಿ ಲಿಂಬಿ ತಗೋಬೇಕೋ, ಹಗ್ಗ ತರಬೇಕೋ?

ತಗದು ಒಗೀತೇನಿ ಅಂದೆ. ಅವ್ವ ನಡುವ ಬಂದ್ಲು. "ನನ್ನ ತಮ್ಮ ಹಗಲೆಲ್ಲಾ ದುಡದು ಬಂದು ಕಟ್ಟ್ಯಾನ. ತಗದಿ ಅಂದ್ರ ನಿನಗ ಮನ್ಯಾಗ ರೊಟ್ಟಿ ಇಲ್ಲ." ದಿನಾ ಸಂಜೀಕ ಓಣ್ಯಾಗ ಗಾಡಿ ತಿರುವಿದ ಕೂಡ್ಲೆ ನಾ ಅದನ್ನ ಬಂದ್ ಮಾಡ್ತಿದ್ದೆ, ಓಣಿ ಮಂದಿಗೆ ಮುಖ ತೋರಸಬೇಕಲ್ಲ. ಅವ್ವ ಒಳಗಿಂದನ ಒದರಾಕಿ, "ಯಾಕ ಬಂದ್ ಮಾಡಿದ್ಯೋ?" ಒದರಿ ಸುಮ್ಮ ಇರ್ತಿದ್ಲೇನು? ಬಂದು ಬೆನ್ನಿಗೊಂದು ಬಿಗೀತಿದ್ಲು. ಅಪ್ಪ ಇದ್ದಾಗ ಅವ್ವನ ಎರಡೂ ಕೈತುಂಬ ಹಸರ ಬಳಿ ಇದ್ವು. ಹೊಡಿಯಾಕ ಬಂದ್ರ ಕಿಣಿಕಿಣಿ ಕೇಳಿ ಓಡಿ ಹೋಗ್ತಿದ್ದೆ. ಅಪ್ಪ ಹೋದ ಮ್ಯಾಲ ಆಕಿ ಬಳಿ ಹಾಕಂಗಿಲ್ಲ. ಈಗ ಹೊಡತ ಬಿದ್ದ ಮ್ಯಾಲನ ಗೊತ್ತಾಗತೈತಿ, ಅವ್ವ ಬಂದಾಳ ಅಂತ!

ಯಂಕಂಚಿ ಅನ್ನೋ ಹಳ್ಳ್ಯಾಗ ಆದದ್ದು ಹೇಳ್ತೇನಿ ಕೇಳ್ರಿ. ಊರಾಗ ಗಾಡಿ ನಿಂದ್ರಿಸಿ ಹಚ್ಚಿದೆ. ‘ಟಕ್... ಗುಂಯ್ಯ್.’ ಹೆಣ್ಮಕ್ಕಳು ಚೀಲಾ ಹಿಡಕೊಂಡು ಬರಾಕತ್ತಿದ್ರು. ಅಷ್ಟರಾಗ ಕಟ್ಟಿ ಮ್ಯಾಲ ಕುಂತ ಗಂಡಸ್ರೆಲ್ಲಾ ಧಡಾಧಡಾ ಎದ್ರು. ಒಬ್ಬ ಚಪ್ಪಲ್ ಬಿಟ್ಟು ಓಡಿದ, ಒಬ್ಬ ಬೈಕ್ ಕಿಕ್ ಹೊಡದ. "ಏ, ತ್ರೀ ಫೇಸ್ ಕರೆಂಟ್ ಬಂತು! ನೀರ ಹಾಯ್ಸಬೇಕು, ಬಾ ಲಗೂನ!" ಅಂತ ಒಬ್ಬ ಹೇಂತೀನೂ ಕರಕೊಂಡು ಹೋದ. ಆಕಿ ಕೈಯಾಗ ನನ್ನ ಲಿಂಬಿ ಇದ್ವು, ತಿರಗಿ ಬುಟ್ಟ್ಯಾಗ ಹಾಕಿ ಹೋದ್ಲು. ಆಮ್ಯಾಲ ತಿಳೀತು ನನಗ. ಮಾಮಾ ಆ ಟಕ್ ಗುಂಯ್ಯ್ ತಗೊಂಡದ್ದು ಯಾವುದೋ ಹೊಲದಾಗಿನ, ಕರೆಂಟ್ ಬಂದ ಕೂಡ್ಲೆ ತಾನ ಶುರು ಆಗೋ ಸ್ಟಾರ್ಟರು, ಮೋಟರಿಂದ! ಊರಿಗೆ ಊರ ಹೊಲಕ್ಕ ಹೋತು, ಲಿಂಬಿ ಎಲ್ಲಾ ನನ್ನ ಹತ್ರನ ಉಳದ್ವು.

ಕರೆಂಟ್ ಇಲ್ಲ ಅಂತ ತಿಳದು ತಿರಗಿ ಬಂದ್ರು ನೋಡ್ರಿ, ಆ ಮುಖಾ! ಒಬ್ಬ ಹಿರ್ಯಾ ಮನಷ್ಯಾ ಟೆಂಪೋ ಸುತ್ತ ಒಂದ ಸುತ್ತು ಹಾಕಿದ. "ಏನ್ ತಮ್ಮಾ, ಕರೆಂಟ್ ಗಾಡ್ಯಾಗ ಹೇರ್ಕೊಂಡು ತಿರಗತೀಯೇನು? ಜರಾ ನನ್ನ ಹೊಲದಾಗ ಇಳಸಿ ಹೋಗು."

ಮನಿಗಿ ಬಂದು ಮಾಮಾನ ಮ್ಯಾಲ ಹರಿಹಾಯ್ದೆ. ಅವನ ಕಣ್ಣು ಮಿಂಚಿದ್ವು. "ಖರೇ ಮೋಟರ್ ಅಂತ ಅನಿಸ್ತಾ ಅವ್ರಿಗೆ?"

"ಮಾಮಾ! ನನ್ನ ಯಾಪಾರ ಹೋತು! ಯಾರಿಗೂ ಬ್ಯಾಡ ಇದು. ನಿನ್ನ ‘ಗ್ವಾಡಿ’ ಕಡೀತನಕ ಕೇಳಿದಾಂವ ಒಬ್ಬರ ಇದ್ರ ತೋರ್ಸು."

ಮಾಮಾ ಕೆಳಗ ಬಿದ್ದ ವೈರ್ ಎತ್ತಿಕೊಂಡ. ವೈರ್ ಸುತ್ತಿದ, ಬಿಚ್ಚಿದ, ಮತ್ತ ಸುತ್ತಿದ. ಆಮ್ಯಾಲ ಅಂದ, "ಯುಗಾದಿತನಕ ನೋಡೂಣು. ಯಾರರ ಒಬ್ಬರು ಕಡೀತನಕ ಕೇಳಿ, ಆ ಕಡೀ ಭಾಗದ ಮಾತು ತಗದ್ರ ಹಾಡು ಮುಂದ ಮಾಡ್ತೇನಿ. ಇಲ್ಲಾಂದ್ರ ಎಲ್ಲಾ ಅಳಿಸಿ ಕಂಪ್ಯೂಟರ್ ಮಾರತೇನಿ. ಮೋಟರ್ ಅಷ್ಟ ಕಟ್ಟಿಕೊಂಡು ಇರ್ತೇನಿ."

ನನಗ ಕುಣಿಯೋದೊಂದ ಬಾಕಿ! ಹೋಳಗಿ ಸಲುವಾಗಿ ಯುಗಾದಿ ಕಾಯೋರನ್ನ ನೋಡೀರಿ, ನಾ ಗುಂಯ್ಯ್ ಮುಗಿಯೋ ಸಲುವಾಗಿ ಕಾದೆ. ಕಡೀತನಕ ಯಾರು ಕೇಳಬೇಕು? ನಾಕ ಮಂದಿ ಕೂಡಿದ್ರ ನಾ ಬಂದ್ ಮಾಡಿ ತಕ್ಕಡಿ ಹಿಡೀತಿದ್ದೆ. ನನಗ ಅದರ ಕಡೀದು ಹೆಂಗೈತಿ ಅಂತ ಗೊತ್ತಿರಲಿಲ್ಲ. ಅವ್ವಗ ಸುದ್ದಿ ಹೇಳಿದ್ರ ಆಕಿ ಮುಖಾ ಸಣ್ಣದಾತು. "ಅಳಸ್ತಾನಂತ? ‘ಗ್ವಾಡಿ’ನೂ ಅಳಸ್ತಾನಂತ?" ಅಂತ ಮತ್ತ ಮತ್ತ ಕೇಳಿದ್ಲು. ಈಕಿಗೇನಾತು ಅಂತ ನಾ ಲಿಂಬಿ ಆರಿಸ್ಕೋತ ಕುಂತೆ.

ಒಬ್ಬರೂ ಮಾತ ತಗೀಲಿಲ್ಲ. ಯುಗಾದಿ ಹಿಂದಿನ ದಿನಾ ಬಂತು. ಕಂಪ್ಯೂಟರ್ ತಗೊಳ್ಳಾಕ ಒಪ್ಪಿದ ಬಾಗೇವಾಡಿ ಹುಡುಗ ಒಬ್ಬ ಮಧ್ಯಾಹ್ನದ ಮ್ಯಾಲ ಬಂದು ಅದನ್ನ ಒಯ್ಯಾಂವ ಇದ್ದ. ನಾ ಅವತ್ತ ತಂಗಡಗಿಗೆ ಹೋಗಿದ್ದೆ. ಊರಾಗ ಹೊಕ್ಕೇನಿ, ಭೋಂಗಾ ಹಚ್ಚೇನಿ, ಗಾಲಿ ಪಂಚರ್! ಬೇವಿನ ಗಿಡದ ನೆರಳಿಗೆ ಗಾಡಿ ಹಚ್ಚಿ, ಜಾಕ್ ಏರಿಸಿ, ಕೆಳಗ ಹೊಕ್ಕೆ. ಕೈಯೆಲ್ಲಾ ಗ್ರೀಸು. ಮ್ಯಾಲ ಗುಂಯ್ಯ್ ನಡದೈತಿ. ಎದುರು ಮನಿ ಕಟ್ಟಿ ಮ್ಯಾಲ ಒಬ್ಬಾಕಿ ಆಯಿ ಕುಂತು ಕಡ್ಲಿ ಹಸನ ಮಾಡಾಕತ್ತಿದ್ಲು.

"ಆಯಿ, ಜರಾ ಆ ಬಟನ್ ಒತ್ತಿ ಬಂದ್ ಮಾಡ್ರಿ" ಅಂದೆ.

"ಇರ್ಲಿ ಬಿಡೋ, ನನಗೇನು ತ್ರಾಸಿಲ್ಲ. ಸೊಸಿ ಬೈಯೋದರಕಿಂತ ಛಲೋ ಐತಿ."

ಗುಂಯ್ಯ್ ಟಕ್ ಆತು. ಲಿಂಬಿ ಬಿ ಬಿ ಆತು. ಮತ್ತ ಗುಂಯ್ಯ್ ಆತು. ಆಮ್ಯಾಲ ಎಲ್ಲಾ ತಣ್ಣಗಾತು. ಮುಗೀತು, ಪೀಡಾ ಹೋತು ಅಂದೆ. ಮುಗದಿರಲಿಲ್ಲ.

ಪಟ್ ಪಟ್. ಪಟ್ ಪಟ್ ಪಟ್.

"ಹಾಂ," ಅಂದ್ಲು ಆಯಿ, ಕಡ್ಲಿ ಮೊರ ಕೆಳಗಿಟ್ಟು. "ರೊಟ್ಟಿ ಬಡ್ಯಾಕತ್ತಾಳ ನೋಡು. ಕೈತುಂಬ ಬಳಿ ಹಾಕ್ಕೊಂಡಾಳ. ನಡುನಡುವ ಬಳಿ ಹಿಂದ ಸರಸ್ತಾಳ, ಕೇಳಸ್ತೇನು? ಯಾರಪಾ ಆಕಿ, ನಿನ್ನ ಹೇಂತೇನು?"

ನಾ ಟೆಂಪೋ ಕೆಳಗ ಮಲಗಿದ್ದೆ, ಕೈಯಾಗ ನಟ್ಟು. ಆ ಕಿಣಿಕಿಣಿ ನನಗ ಗೊತ್ತಿಲ್ಲೇನ್ರಿ? ಅದನ್ನ ಕೇಳಿ ಎಷ್ಟ ಸಲ ಓಡೇನಿ! ಅಡಗಿಮನಿ ಗ್ವಾಡಿ ಆ ಕಡೆ ಅವ್ವ, ಈ ಕಡೆ ಫೋನ್ ಹಚ್ಚಿಕೊಂಡು ಮಾಮಾ. ಅಪ್ಪ ಇದ್ದಾಗಿಂದು ಅದು.

"ನಮ್ಮವ್ವ, ಆಯಿ" ಅಂದೆ.

"ಎಷ್ಟ ಚಂದ ಬಳಿ ಸಪ್ಪಳ ಆಕೀದು" ಅಂದ್ಲು.

ಈಗ ಆಕಿ ಕೈಯಾಗ ಆ ಬಳಿ ಇಲ್ಲ ಅಂತ ಆಯಿಗೆ ಹೇಳಲಿಲ್ಲ. ಹಬ್ಬ ಬಂದಾಗೊಮ್ಮೆ ಓಣಿ ಹೆಣ್ಮಕ್ಕಳು ಬಳಿ ಇಡಿಸ್ಕೊಳ್ಳಾಕ ಹೋಗ್ತಾರ, ಅವ್ವ ಬಾಗಲಾಗ ನಿಂತು ನೋಡತಾಳ. ಹಬ್ಬ ಬಂದಾಗೊಮ್ಮೆ ಮಾಮಾ ‘ಗ್ವಾಡಿ’ ತೊಳೀತಾನ. ಗ್ರೀಸಿನ ಕೈಲೆನ ಫೋನ್ ತಗದೆ.

"ಮಾಮಾ, ಕಂಪ್ಯೂಟರ್ ಒಯ್ದ್ರೇನು?"

"ಹುಡುಗ ಬಂದು ಕುಂತಾನ. ವೈರ್ ಬಿಚ್ಚಾಕತ್ತೇನಿ. ಅಳಿಸಿಲ್ಲ ಇನ್ನ."

"ಅಳಸಬ್ಯಾಡ. ತಿರಗಿ ಕಟ್ಟು."

"ಯಾಕೋ?"

"ತಂಗಡಗ್ಯಾಗ ಒಬ್ಬಾಕಿ ಆಯಿ ಕಡೀತನಕ ಕೇಳ್ಯಾಳ. ಬಳಿ ಸಪ್ಪಳ ಚಂದ ಐತಂತ."

ಆ ಕಡೆ "ನೀ ಹೋಗಪಾ, ನಾ ಮಾರಂಗಿಲ್ಲ" ಅಂತ ಹುಡುಗಗ ಹೇಳೋದು ಕೇಳಿಸಿತು.  ಆಮ್ಯಾಲ ಮಾಮಾ ನನ್ನ ಕೇಳಿದ. "ಹಾಡು ಹೆಂಗೈತಿ ಅಂದ್ಲು?"

"ಹಾಡು ದರಿದ್ರ ಐತಿ ಮಾಮಾ. ಆದ್ರ ಆ ಕಡೀದೈತಲ್ಲ, ಅದನ್ನ ಇನ್ನ ತೊಳೀಬ್ಯಾಡ. ಹಂಗ ಇರ್ಲಿ."

ಸಂಜೀಕ ಓಣ್ಯಾಗ ಗಾಡಿ ತಿರುವಿದೆ, ಬಂದ್ ಮಾಡಲಿಲ್ಲ. ಮಂದಿ ಬಾಗಲಾ ತಗದು ನೋಡಿದ್ರು, ನೋಡ್ಲಿ. ಮನಿ ಮುಂದ ನಿಂದ್ರಿಸಿ ಸೀಟಿನ ಮ್ಯಾಲ ಸುಮ್ಮ ಕುಂತೆ. ಗುಂಯ್ಯ್ ಮುಗೀತು. ಒಳಗ ಅವ್ವ ರೊಟ್ಟಿ ಬಡ್ಯಾಕತ್ತಿದ್ಲು, ಭೋಂಗಾದಾಗೂ ಅವ್ವ ರೊಟ್ಟಿ ಬಡ್ಯಾಕತ್ತಿದ್ಲು. ಎರಡೂ ಕೈ ಕೂಡಿದ್ವು. ಒಂದರಾಗ ಬಳಿ ಇದ್ವು, ಒಂದರಾಗ ಇರಲಿಲ್ಲ.

ಹಾಡು ಮುಗೀತು. ಒಳಗಿನ ಕೈನೂ ನಿಂತಿತು.

"ಯಾಕ ಬಂದ್ ಮಾಡಿದ್ಯೋ?"

"ಬಂದ್ ಮಾಡಿಲ್ಲ ಯವ್ವಾ. ಮುಗದೈತಿ."

ಅವ್ವ ಹಿಟ್ಟಿನ ಕೈಲೆನ ಬಾಗಲಿಗಿ ಬಂದ್ಲು.

"ಹಂಗಾರ ಇನ್ನೊಮ್ಮೆ ಹಚ್ಚು" ಅಂದ್ಲು.

ಹಚ್ಚಿದೆ.