ಬಸ್ಸು ತೊಳೆಯುವ ಲೈನಿಗೆ ನಾನು ಶಿಫಾರಸು ಮಾಡಿದ ಜಿಐ ಎಲ್ಬೋಗೆ

ಮಾನ್ಯ ಅರ್ಧ ಇಂಚಿನ ಎಲ್ಬೋ ಅವರೇ,

ಪೈಪಿನ ತಿರುವಿನಲ್ಲಿ ಬಾಗಿ ಕೂರುವ, ಸತುವಿನ ಲೇಪದಿಂದ ಬೆಳಗುವ ತಮ್ಮ ದಿವ್ಯ ದೇಹಕ್ಕೆ, ಅದೀಗ ಎರಡು ಹೋಳಾಗಿದ್ದರೂ, ಪೈಪಿನ ಅಂಗಡಿಯವನಾದ ನನ್ನ ಸವಿನಯ ವಂದನೆಗಳು. ತಮ್ಮ ಒಂದು ಹೋಳು ನನ್ನ ಗಲ್ಲಾದ ಮೇಲಿದೆ, ಇನ್ನೊಂದು ನನ್ನ ಅಕ್ಕನ ಶೆಡ್ಡಿನ ತಗಡು ತೂರಿಕೊಂಡು ಹೋಗಿದ್ದು ಇನ್ನೂ ಸಿಕ್ಕಿಲ್ಲ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ತಮ್ಮ ಮೇಲೆ ನನಗಿದ್ದ ಭಕ್ತಿ ಸುಮ್ಮನೆ ಬಂದದ್ದಲ್ಲ. ನಮ್ಮ ಬೀದಿಯ ಅಂಗಡಿಗಳಲ್ಲಿ ಫಿಟ್ಟಿಂಗನ್ನು ಅಂಗೈಯಲ್ಲಿ ತೂಗಿ, ಕಟ್ಟೆಗೆ ಕುಟ್ಟಿ, ಸದ್ದು ಕೇಳಿ ಕೊಡುವುದು ಪದ್ಧತಿ. ತಾವು 'ಠಣ್' ಎಂದಿರಿ. ಮಡಕೆ ಕೊಳ್ಳುವವರು ಕೂಡ ಇಷ್ಟಕ್ಕೇ ನಂಬುವುದಿಲ್ಲ, ನೀರು ತುಂಬಿಸಿ ನೋಡುತ್ತಾರೆ. ನಾನು ಮಾತ್ರ ಆ ಒಂದು ಸದ್ದಿಗೆ ಮನಸೋತು, ಮಾಳಿಗೆಯ ತೊಟ್ಟಿಯಿಂದ ಇಳಿಯುವ ನೀರಿಗಿಂತ ನೂರು ಪಟ್ಟು ಜೋರಾಗಿ ನೂಕುವ ಪಂಪಿನ ಬಾಯಿಗೆ ತಮ್ಮನ್ನು ಕೂರಿಸಿದೆ.

ಅಕ್ಕ ಎಚ್ಚರಿಸಲಿಲ್ಲವೆಂದರೆ ಸುಳ್ಳಾದೀತು. ವಾಹನ ತೊಳೆಯುವ ಶೆಡ್ಡಿಗೆ ತನ್ನದೆಲ್ಲವನ್ನೂ ಸುರಿದಿದ್ದ ಅವಳಿಗೆ, ಒಬ್ಬ ಬಸ್ ಮಾಲೀಕರ ಬಸ್ಸುಗಳೆಲ್ಲ ಬಂದರೆ ಮಾತ್ರ ಬಾಗಿಲು ತೆರೆದಿರುವ ಯೋಗ. "ಪಂಪಿನ ಜೊತೆ ಬಂದ ಪುಸ್ತಕದಲ್ಲಿ ಫೋರ್ಜ್ಡ್, ಅಂದ್ರೆ ಬಡಿದು ಮಾಡಿದ ಉಕ್ಕಿನದೇ ಹಾಕಿ ಅಂತ ಬರೆದಿದ್ದಾರಲ್ಲೋ" ಎಂದು ಅವಳು ಬೆರಳಿಟ್ಟು ತೋರಿಸಿದಳು. "ಪುಸ್ತಕ ಬರೆದೋನು ಯಾವತ್ತಾದ್ರೂ ಅಂಗಡಿ ಇಟ್ಟಿದ್ನೇನಕ್ಕಾ?" ಎಂದು ನಾನು ಕೇಳಿದೆ. ಅವಳು ಸುಮ್ಮನಾದಳು. ಫುಟ್‌ಪಾತಿನಲ್ಲಿ ವಾಷರ್ ಮಾರುತ್ತಾ ಬಾಯಿಯ ಬಲದಿಂದಲೇ ಅಂಗಡಿಯವರೆಗೆ ಬಂದ ನನಗೆ, ಎದುರಿನವರು ಸುಮ್ಮನಾದರೆಂದರೆ ಒಪ್ಪಿದರೆಂದೇ ಲೆಕ್ಕ.

ಪಂಪು ಓಡಿಸಿ ನೋಡುವ ಪರೀಕ್ಷೆಯ ದಿನ ಮಾಲೀಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನಾನು ತಮ್ಮ ಹೊಳಪನ್ನು ಬೆರಳು ಮಾಡಿ ತೋರಿಸುತ್ತಾ, ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆಂದು ಹೇಳುತ್ತಿದ್ದೆ. ತಾವು ಆ ವಾಕ್ಯ ಮುಗಿಯುವವರೆಗಾದರೂ ತಾಳಬಹುದಿತ್ತು. ಒಂದು ಸುಳಿವೂ ಕೊಡದೆ ತಾವು ಸಿಡಿದಾಗ, ಅಕ್ಕ ಬ್ರಷ್ ತರಲು ಎರಡು ಹೆಜ್ಜೆ ಆಚೆ ಸರಿದಿದ್ದಳು. ಅವಳು ಸರಿಯದಿದ್ದರೆ ಎಂಬ ಯೋಚನೆ ಬಂದಾಗ ಮಾತ್ರ ನಾನೂ ತಮಾಷೆ ಬಿಟ್ಟು ಪೆನ್ನು ಕೆಳಗಿಡುತ್ತೇನೆ. ಮಾಲೀಕರು ಮುಖ ಒರೆಸಿಕೊಂಡು, "ಬಸ್ಸು ತೊಳೆಸೋಣ ಅಂತ ಬಂದೆ ಕಣಮ್ಮ, ನನ್ನನ್ನೇ ತೊಳೆದುಬಿಟ್ರಿ" ಎಂದು ಹೇಳಿ, ಇನ್ನೊಂದೇ ಒಂದು ಸಲ ನೋಡುವುದಾಗಿ ತಿಳಿಸಿ ಹೊರಟರು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಮಾತು ನನ್ನದು, ತೂತು ತಮ್ಮದು, ಒದ್ದೆಯಾದದ್ದು ಅಕ್ಕನ ಬದುಕು. ಆಮೇಲೆ ನಾನೂ ಆ ಪುಸ್ತಕ ಓದಿದೆ. ಸತು ತುಕ್ಕನ್ನು ತಡೆಯುತ್ತದೆಯೇ ಹೊರತು ಒತ್ತಡವನ್ನಲ್ಲವಂತೆ. ಎರಕ ಹೊಯ್ದ ತಮ್ಮ ಮೈ ಮನೆಯ ನಲ್ಲಿಗೆ ಧಾರಾಳ ಸಾಕಂತೆ, ಇಂಥ ಪಂಪಿನ ಗುದ್ದಿಗೆ ಬಡಿದು ರೂಪಿಸಿದ ದಪ್ಪ ಉಕ್ಕೇ ಬೇಕಂತೆ. ಇದನ್ನು ತಾವೇ ಅಂದು ಕಟ್ಟೆಯ ಮೇಲೆ 'ಠಣ್' ಎನ್ನುವ ಬದಲು ಸ್ವಲ್ಪ ಬಿಡಿಸಿ ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಇನ್ನು ಮುಂದಾದರೂ ತಮ್ಮ ಕುಲದವರೆಲ್ಲ, ನಾನು ಅತಿಯಾಗಿ ಹೊಗಳಲು ಶುರುಮಾಡಿದೊಡನೆ ಕಟ್ಟೆಯಿಂದ ತಾವಾಗಿಯೇ ಉರುಳಿ ಬಿದ್ದು ಗಿರಾಕಿಯನ್ನು ಎಚ್ಚರಿಸಬೇಕೆಂದು ಬೇಡುತ್ತೇನೆ.

ಕಳೆದ ತಿಂಗಳು ಎರಡನೆಯ ಪರೀಕ್ಷೆ ನಡೆಯಿತು. ಅಕ್ಕ ನನ್ನನ್ನು ಕೇಳದೆ ಬೇರೆ ಅಂಗಡಿಯಿಂದ ಉಕ್ಕಿನ ಫಿಟ್ಟಿಂಗ್ ತರಿಸಿ ಹಾಕಿಸಿದ್ದಳು. ಹೊಳಪಿಲ್ಲದ, ಮಸಿ ಬಡಿದಂಥ ಮೋರೆಯವು. ಒಂದು ಹನಿಯೂ ಜಿನುಗಲಿಲ್ಲ. ಬಸ್ಸುಗಳೆಲ್ಲ ಅಕ್ಕನಿಗೇ ಬಂದವು. ಮಾಲೀಕರು ಮೆಚ್ಚಿ, "ಇದನ್ನ ಆರಿಸಿಕೊಟ್ಟೋರು ಯಾರಮ್ಮ?" ಎಂದು ವಿಚಾರಿಸಲು, ಅವಳು ನನ್ನತ್ತ ಕೈತೋರಿಸಿ ಹೆಮ್ಮೆಯಿಂದಲೇ ಹೇಳಿದಳು: "ನನ್ನ ತಮ್ಮನೇ. ಅವನು ಬೇಡ ಅಂದಿದ್ದನ್ನ ತಂದು ಹಾಕ್ಸಿದೆ, ಅಷ್ಟೇ."

ಒಡೆದದ್ದರಲ್ಲಿ ತಮಗೆ ಸಮಪಾಲುದಾರನೂ, ಆದರೂ ತಮ್ಮ ವಿಶ್ವಾಸಿಯೂ ಆದ,
ಪೈಪಿನ ಅಂಗಡಿಯವನು

ಮರೆತ ಮಾತು: ಅದೇ ಲೈನಿನಿಂದ ಬಿಚ್ಚಿದ ತಮ್ಮ ಒಡಹುಟ್ಟಿದವರನ್ನು ಅಕ್ಕ ಎಸೆಯಲಿಲ್ಲ, ಕೈಕಾಲು ತೊಳೆಯುವ ನಲ್ಲಿಯ ಲೈನಿಗೆ ಹಾಕಿಸಿದ್ದಾಳೆ, ಅಲ್ಲಿ ಅವರು ಬಲು ಮರ್ಯಾದೆಯಿಂದ ಕೆಲಸ ಮಾಡುತ್ತಿದ್ದಾರೆ. ನನಗೂ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿದೆ: ಆ ಮಾಲೀಕರು ತಮ್ಮ ಗ್ಯಾರೇಜಿಗೆ ಏನೇ ಕೊಳ್ಳುವ ಮೊದಲೂ ನನಗೆ ಫೋನು ಮಾಡುತ್ತಾರೆ, ನನ್ನ ಸಲಹೆಯನ್ನು ಪೂರ್ತಿ ಕೇಳುತ್ತಾರೆ, ಆಮೇಲೆ ಇನ್ನೊಂದನ್ನು ತರಿಸುತ್ತಾರೆ.