ಅವ್ವನಿಗೊಂದು ಕನ್ನಡ ಚರ್ಚು

ಭಾನುವಾರ ಬಂತು ಅಂದ್ರೆ ಬೇರೆಯವರಿಗೆ ದೇವರು ನೆನಪಾಗ್ತಾನೆ, ನನಗೆ ಜಗಳ ನೆನಪಾಗ್ತದೆ. ನಾನಾಗಿ ಯಾರ ತಂಟೆಗೂ ಹೋಗೋನಲ್ಲ. ತಂಟೆಗಳೇ ಒಗೆದ ಬಟ್ಟೆ ಹಾಕ್ಕೊಂಡು ಚರ್ಚಿನ ಬಾಗಿಲಲ್ಲಿ ನನಗೋಸ್ಕರ ಕಾಯ್ತಾ ನಿಂತಿರ್ತವೆ.

ಎಪ್ಪತ್ತರ ದಶಕದ ಕೊನೆ, ತಮಿಳುನಾಡಿನ ಗಡೀಲಿರೋ ಹೊಸೂರಿಗೆ ಒಂದೊಂದಾಗಿ ಫ್ಯಾಕ್ಟರಿ ಬರ್ತಿದ್ದ ಕಾಲ. ನಾನು ಒಂದು ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿದ್ದೆ. ದಿನವಿಡೀ ತಗಡು ಬಡಿಯೋ ಸದ್ದು, ಅಲ್ಲಿ ಕೂಗಿದ್ರೇ ಮಾತು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನ ಕನಕಪುರದ ಕಡೆಯಿಂದ ಕರ್ಕೊಂಡು ಬಂದೆ. ಅವಳು ಕೇಳಿದ್ದು ಒಂದೇ: "ಭಾನುವಾರ ಹೋಗಿ ಕೂತ್ಕೊಳ್ಳಕ್ಕೆ ಒಂದು ಒಳ್ಳೇ ಚರ್ಚು ನೋಡ್ಲಾ. ಇನ್ನೇನೂ ಬ್ಯಾಡ ನಂಗೆ."

ಅವ್ವನಿಗೆ ಕನ್ನಡ ಬಿಟ್ರೆ ಬೇರೆ ಬರಲ್ಲ. ಕನ್ನಡದಲ್ಲಿ ಬೋಧನೆ ಮಾಡೋ ಚರ್ಚೇ ಹುಡುಕ್ತೀನಿ ಅಂತ ನಾನು ಹಟ ಹಿಡಿದೆ.

ತಾತನ ಬೆಂಚು

ಮೊದಲು ಊರೊಳಗಿನ ಹಳೇ ಚರ್ಚಿಗೆ ಹೋದ್ವಿ. ಅಲ್ಲಿ ಎಲ್ಲಾ ತಮಿಳು. ಅವ್ವ ಮುಂದಿನ ಬೆಂಚಲ್ಲಿ ಕೂತು ಸೆರಗು ಸರಿ ಮಾಡ್ಕೊಳ್ಳೋದ್ರೊಳಗೆ ಹಿರಿಯರೊಬ್ಬರು ಬಂದು, "ಸಾರ್, ತಾತನ ಕಾಲದಿಂದ ಇದು ನಮ್ಮ ಬೆಂಚು" ಅಂದ್ರು.

"ದೇವರ ಮನೇಲೂ ಪಟ್ಟಾ ಮಾಡಿಸ್ಕೊಂಡಿದ್ದೀರಾ?" ಅಂತ ಪಿಸುಗುಟ್ಟಿದೆ. ಇಡೀ ಚರ್ಚು ತಿರುಗಿ ನೋಡ್ತು. ನನ್ನ ಪಿಸುಮಾತೇ ಹಂಗೆ. ಎದ್ದು ಹಿಂದಿನ ಬೆಂಚಿಗೆ ಹೋದ್ವಿ.

ಆರಾಧನೆ ಮುಗಿದ ಮೇಲೆ ಪಾಸ್ಟರನ್ನ ಹಿಡಿದು, ವಾರಕ್ಕೊಂದು ವಾಕ್ಯನಾದ್ರೂ ಕನ್ನಡದಲ್ಲಿ ಓದಿಸಿ ಅಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ತಮಿಳಲ್ಲೇ, "ಪವಿತ್ರಾತ್ಮನಿಗೆ ಭಾಷೆ ಇಲ್ಲ, ತಂಬಿ" ಅಂದ್ರು.

"ಹಂಗಾದ್ರೆ ಕನ್ನಡದಲ್ಲೇ ಮಾಡಿ."

"ಪವಿತ್ರಾತ್ಮನಿಗೆ ಎಲ್ಲಾ ಬರ್ತದೆ ತಂಬಿ. ಬರದೇ ಇರೋದು ನನಗೆ."

ನಾನು ಕಿಡಿಕಿಡಿಯಾಗಿ ಬರ್ತಿದ್ರೆ ಅವ್ವ, "ಬೆಂಚು ಚೆನ್ನಾಗೈತೆ ಕಣ್ಲಾ, ಒರಗಕ್ಕೆ ಹಲಗೆ ಐತೆ" ಅಂದ್ಲು. ಆ ಬೆಂಚಿಗಿಷ್ಟು ಬೆಂಕಿ ಹಾಕ ಅಂದೆ.

ಬೋಧಕರ ಗಡಿಯಾರ

ಮತ್ತಿಗಿರಿಯಲ್ಲಿ ಒಬ್ಬರ ಮನೇಲಿ ಪ್ರಾರ್ಥನೆ ನಡೀತದೆ, ಕನ್ನಡದವರೂ ಬರ್ತಾರೆ ಅಂತ ಯಾರೋ ಅಂದ್ರು. ಹೋಗಿ ನೋಡಿದ್ರೆ ಆ ಕನ್ನಡದವರು ನಾವೇ. ತೆಲುಗಲ್ಲಿ ಬೋಧನೆ. ಚಾಪೆ ಮೇಲೆ ಕೂತು ಕೂತು ಸೂರ್ಯ ನೆತ್ತಿ ಮೇಲೆ ಬಂದ. ಅವ್ವ ಮಂಡಿ ನೀವಿಕೊಳ್ತಾ, ಎಲ್ಲದಕ್ಕೂ ತಲೆ ಆಡಿಸ್ತಾ ಕೂತಿದ್ಲು.

ಕೊನೇಲಿ ಬೋಧಕರು ಅವ್ವನ ಕಿವಿ ಕಡೆ ಬೆರಳು ಮಾಡಿ, "ಆ ಓಲೆ ತೆಗೆಸಿಬಿಡಿ. ಒಡವೆ ಹಾಕ್ಕೊಂಡೋರು ಪರಲೋಕ ಸೇರಲ್ಲ" ಅಂದ್ರು. ಅಪ್ಪ ಮದುವೇಲಿ ಮಾಡಿಸಿದ ಓಲೆ ಅದು. ನನಗೆ ಮೈಯೆಲ್ಲಾ ಉರಿದುಹೋಯ್ತು.

"ನಿಮ್ಮ ಕೈಯಲ್ಲಿ ಚಿನ್ನದ್ದು ಪಳಪಳ ಅಂತಿದೆಯಲ್ಲ, ಅದೇನು?"

"ಇದು ಒಡವೆ ಅಲ್ಲ, ಗಡಿಯಾರ. ಟೈಮ್ ನೋಡಕ್ಕೆ."

"ಬೆಳಿಗ್ಗೆಯಿಂದ ಒಂದ್ಸಲ ನೋಡಿದ್ರೆ ನಾವು ಇಷ್ಟೊತ್ತಿಗೆ ಊಟ ಮಾಡಿ ಮಲಗಿರ್ತಿದ್ವಿ" ಅಂದೆ.

ಚೆನ್ನಾಗಿ ಮಾತಾಡೋ ಪಾಸ್ಟರ್

ಜೊತೆಗೆ ಕೆಲಸ ಮಾಡೋನೊಬ್ಬ, "ಕೃಷ್ಣಗಿರಿ ಪಾಸ್ಟರ್ ಕನ್ನಡ ಚೆನ್ನಾಗಿ ಮಾತಾಡ್ತಾರೆ" ಅಂದ. ಅಲ್ಲೀವರೆಗೂ ಬಸ್ಸಲ್ಲಿ ನಿಂತ್ಕೊಂಡೇ ಹೋದ್ವಿ. ಪಾಸ್ಟರ್ ಬಾಗಿಲಲ್ಲೇ ಕೈ ಮುಗಿದು, "ಬನ್ನಿ, ಚೆನ್ನಾಗಿದ್ದೀರಾ, ಊಟ ಆಯ್ತಾ" ಅಂದ್ರು. ಅವರ ಕನ್ನಡ ಅಲ್ಲಿಗೆ ಮುಗೀತು.

ಸೋಮವಾರ ಫ್ಯಾಕ್ಟರೀಲಿ ಆ ಜೊತೆಗಾರನ ಕೊರಳಪಟ್ಟಿ ಹಿಡಿದೆ. "ಚೆನ್ನಾಗಿ ಮಾತಾಡ್ತಾರೆ ಅಂದೆ, ಜಾಸ್ತಿ ಮಾತಾಡ್ತಾರೆ ಅಂದ್ನಾ?" ಅಂದ.

ಮನೆಯೊಳಗೂ ಅದೇ

ಇಷ್ಟು ಸಾಲದು ಅಂತ ಮನೇಲಿ ಅತ್ತೆ ಸೊಸೆಗೆ ಬಿಗುಮಾನ. ನನ್ನ ಹೆಂಡತಿ ಮೆತ್ತಗಿನ ದನಿಯೋಳು. "ನಾನು ಏನು ಕೇಳಿದ್ರೂ ಅತ್ತೆ ಉತ್ತರಾನೇ ಕೊಡಲ್ಲ" ಅಂತ ಕಣ್ಣು ಒರೆಸ್ಕೊಂಡ್ಲು. ಅವ್ವನನ್ನ ಕೇಳಿದ್ರೆ, "ಅವಳು ನನ್ನ ಮಾತೇ ಆಡ್ಸಲ್ಲ, ಏನಂತ ಉತ್ತರ ಕೊಡ್ಲಿ?" ಅಂದ್ಲು. ಇದಕ್ಕೆಲ್ಲ ಆ ತಮಿಳು ಪಾಸ್ಟರೇ ಕಾರಣ ಅಂತ ತೀರ್ಮಾನ ಮಾಡಿದೆ. ಒಂದು ಕನ್ನಡ ವಾಕ್ಯ ಕಿವಿಗೆ ಬಿದ್ದಿದ್ರೆ ಅವ್ವ ಹಿಂಗಾಗ್ತಿರಲಿಲ್ಲ.

ಗಡಿಯಾಚೆ

ಕೊನೆಗೂ ಸಿಕ್ತು. ಜೂಜುವಾಡಿ ದಾಟಿ, ಅತ್ತಿಬೆಲೆ ದಾಟಿ, ಇನ್ನಷ್ಟು ನಡೆದರೆ ಒಂದು ಶೀಟಿನ ಶೆಡ್ಡು, ನೆಲಕ್ಕೆ ಚಾಪೆ. ಅಲ್ಲಿ ಬೋಧನೆ ಮಾಡೋ ಅಯ್ಯನವರದು ಮಾತ್ರ ಅಚ್ಚ ಕನ್ನಡ, ಮೆದು ದನಿ. ಮೊದಲ ದಿನದ ಬೋಧನೆ ತಾಳ್ಮೆ ಮೇಲೆ. ಮಧ್ಯೆ ಮಧ್ಯೆ ಕೆಮ್ಮುತ್ತಿದ್ದೋನಿಗೆ ಬೈದು ಸುಮ್ಮನಾಗಿಸಿ, ಪೂರ್ತಿ ಕೇಳಿದೆ. ಗೆದ್ದೆ ಅನ್ನಿಸಿ ಕಣ್ಣು ತುಂಬಿ ಬಂತು.

ಆಮೇಲೆ ವಾರ ವಾರ ಎರಡು ಬಸ್ಸು, ಲಾರಿ ಧೂಳು, ನಡಿಗೆ. ಒಂದು ಭಾನುವಾರ ಅವ್ವ ಅರ್ಧ ದಾರೀಲಿ ಮೋರಿ ಕಟ್ಟೆ ಮೇಲೆ ಕೂತುಬಿಟ್ಲು.

"ನಾನು ಬರಾಕಿಲ್ಲ ಕಣ್ಲಾ. ನೆಲದ ಮ್ಯಾಲೆ ಕೂತ್ರೆ ಏಳಕ್ಕಾಗಲ್ಲ. ಆ ಮೊದಲ್ನೇ ಚರ್ಚಿಗೇ ಕರ್ಕೊಂಡೋಗು. ಬೆಂಚೈತೆ."

ನನಗೆ ಸಿಟ್ಟು ಅಂಗಾಲಿಂದ ನೆತ್ತಿಗೇರ್ತು. "ಊರೆಲ್ಲಾ ಎದುರು ಹಾಕ್ಕೊಂಡು ನಿನಗೆ ಕನ್ನಡ ಹುಡುಕಿ ಕೊಟ್ಟೆ. ಅಯ್ಯನವರ ಒಂದು ಮಾತೂ ನಿನ್ನ ಮನಸ್ಸಿಗೆ ಹತ್ತಲಿಲ್ವಾ?"

"ಯಾರಿಗ್ಲಾ ಕೇಳಿಸ್ತದೆ? ನಿಮ್ಮಪ್ಪ ಇರೋವಾಗ್ಲೇ ಕಿವಿ ಹೋಗೈತೆ. ಕನ್ನಡವೋ ತಮಿಳೋ, ಎಲ್ಲಾ ಬಾಯಿ ಆಡಿಸ್ದಂಗೆ ಕಾಣ್ತದೆ."

ನಾನು ಅವಳ ಪಕ್ಕದಲ್ಲೇ ಕೂತೆ. "ಮೊದಲೇ ಹೇಳಬಾರದಾಗಿತ್ತಾ?"

"ಅವ್ವನಿಗೋಸ್ಕರ ಊರ ತುಂಬ ಗುದ್ದಾಡ್ತಾವ್ನೆ ಅಂತ ಖುಷಿಯಾಗಿತ್ತು. ಸುಮ್ಕಿದ್ದೆ."

"ಮತ್ತೆ ನನ್ನ ಹೆಂಡತಿ ಮಾತಾಡಿಸಿದ್ರೆ?"

"ತುಟಿ ಆಡಿಸ್ತಾ ಇರ್ತಾಳೆ. ಪ್ರಾರ್ಥನೆ ಮಾಡ್ತಾವಳೆ, ಯಾಕೆ ಕೆಡಿಸ್ಬೇಕು ಅಂತ ನಾನು ಬಾಯಿ ತೆಗೀತಿರ್ಲಿಲ್ಲ."

ಇಷ್ಟು ದಿನ ಬೀದಿ ಬೀದೀಲಿ ಮಾಡಿದ ಜಗಳವೆಲ್ಲ ಕಣ್ಣ ಮುಂದೆ ಬಂತು. ಆದ್ರೂ ಒಂದು ಅನುಮಾನ ಉಳ್ಕೊಂತು. "ಅಲ್ಲವ್ವ, ನಾನು ಮಾತಾಡೋದು ಮಾತ್ರ ನಿನಗೆ ಒಂದಕ್ಷರ ಬಿಡದಂಗೆ ಕೇಳಿಸ್ತದಲ್ಲ. ಪ್ರೆಸ್ ಶಾಪಲ್ಲಿ ಕೂಗಿ ಕೂಗಿ ನನ್ನ ಗಂಟಲು ಹಿಂಗೆ ದೊಡ್ಡದಾಯ್ತು ಅಂತಲಾ?"

ಅವ್ವ ನನ್ನ ಕೈ ಹಿಡ್ಕೊಂಡು ಮೆಲ್ಲಗೆ ಎದ್ದು, ಹೊಸೂರಿನ ಕಡೆ ತಿರುಗಿದಳು.

"ಪ್ರೆಸ್ ಶಾಪ್ ಯಾಕ್ಲಾ ಬೈತೀಯ? ಹುಟ್ಟಿದಾಗ ಶುರು ಮಾಡಿದ್ದು, ಇನ್ನೂ ನಿಲ್ಸಿಲ್ಲ ನೀನು."